ಕೀಲಿ ತಿರುಗಿಸುವ ಮುನ್ನ

ನುಡಿ ಮತ್ತು ನಡೆ ಎರಡಾಗಬಾರದೆಂಬುದು ಶರಣರ ಬಾಳಿನ ಮೂಲಸೂತ್ರ. ಇದು ಅನುಭಾವಗೋಷ್ಠಿಯಲ್ಲಿ ಆಡುವ ಮಾತಿಗೆ ಎಷ್ಟು ಸಲ್ಲುತ್ತದೆಯೋ ಹೊಲದಲ್ಲಿ, ಸಂತೆಯಲ್ಲಿ, ದುಡಿಮೆಯ ನಡುವೆ ಆಡುವ ಮಾತಿಗೂ ಅಷ್ಟೇ ಸಲ್ಲುತ್ತದೆ. ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆಯನ್ನು ಮಡಿ ಮಾಡಿದ ಮಡಿವಾಳ ಮಾಚಯ್ಯ, ಎಣ್ಣೆಯ ಗಾಣವನ್ನು ನಂಬಿ ಬದುಕಿದ ಗಾಣದ ಕಣ್ಣಪ್ಪ ಇವರೆಲ್ಲರೂ ಅರಿವನ್ನು ಕಂಡುಕೊಂಡದ್ದು ತಮ್ಮ ತಮ್ಮ ಕಾಯಕದ ಒಳಗಿನಿಂದಲೇ. ಇಂದಿನ ಕಾಯಕಗಳು ಬೇರೆ, ಅವುಗಳ ಸಾಧನಗಳೂ ಬೇರೆ. ಕಾಯಕವು ಬೇಡುವ ಎಚ್ಚರ ಮಾತ್ರ ಅಂದಿನದೇ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ತರುಣನೊಬ್ಬನಿಗೆ ಈ ಸತ್ಯ ಮನವರಿಕೆಯಾದದ್ದು ತನ್ನ ಹೊಸ ಪಿಕಪ್ ವಾಹನಕ್ಕೆ ಮೊದಲ ಬಾರಿ ಇಂಧನ ತುಂಬಿಸಲು ಬಂಕಿನ ಮುಂದೆ ನಿಂತ ಒಂದು ಮುಂಜಾನೆ.

ಶೆಟ್ಟಿಹಳ್ಳಿಯ ಹೆಸರನ್ನು ಕೇಳಿದವರಿಗೆ ಮೊದಲು ನೆನಪಾಗುವುದು ನೀರಿನಲ್ಲಿ ನಿಂತ ರೋಸರಿ ಚರ್ಚಿನ ಪಾಳುಗೋಡೆಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಚರ್ಚು ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿತು. 1979ರಲ್ಲಿ ಅಣೆಕಟ್ಟೆ ಪೂರ್ಣಗೊಂಡ ಮೇಲೆ ಮಳೆಗಾಲದಲ್ಲಿ ಅದು ಅರೆಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಒಣನೆಲದ ಮೇಲೆ ಮತ್ತೆ ಪೂರ್ತಿಯಾಗಿ ಕಾಣುತ್ತದೆ. ನೋಡಲು ಬರುವವರಿಗೆ ಅದೊಂದು ಚೆಲುವಿನ ದೃಶ್ಯ. ಹೊಳೆಯ ದಂಡೆಯಲ್ಲಿ ಗದ್ದೆಗಳಿದ್ದ ಮನೆತನಗಳಿಗೆ ಅದೇ ನೀರು ಬೇರೆಯ ಕಥೆಯನ್ನು ಹೇಳುತ್ತದೆ. ಈ ತರುಣನ ಅಜ್ಜನ ಗದ್ದೆಯೂ ಆ ನೀರಿನ ಕೆಳಗಿದೆ. ಮನೆತನಕ್ಕೆ ಉಳಿದದ್ದು ಮೇಲ್ಭಾಗದ ಸ್ವಲ್ಪ ಖುಷ್ಕಿ ಜಮೀನು. ಮಳೆಯನ್ನು ನಂಬಿ ಅದರಲ್ಲಿ ಆಲೂಗಡ್ಡೆ, ಜೋಳ ಬೆಳೆಯುತ್ತಾ ತಂದೆ ಸಂಸಾರ ನಡೆಸಿದರು.

ಬೇಸಾಯವೊಂದರಿಂದಲೇ ಬದುಕು ಸಾಗದೆಂದು ಕಂಡ ಮಗ ಸಾಲ ಮಾಡಿ ಡೀಸೆಲ್ ಪಿಕಪ್ ಕೊಂಡನು. 2020ರ ಏಪ್ರಿಲ್ ಒಂದರಿಂದ ದೇಶದಾದ್ಯಂತ ಜಾರಿಗೆ ಬಂದ ಬಿ.ಎಸ್. ಆರು ಮಾನದಂಡಕ್ಕೆ ಒಳಪಟ್ಟ ಹೊಸ ವಾಹನ ಅದು. ಸಾಲಕ್ಕೆ ಜಾಮೀನಾಗಿ ನಿಂತವರು ತಂದೆ. ಮನೆಯ ಮುಂದೆ ವಾಹನ ಬಂದು ನಿಂತ ದಿನ ತಾಯಿ ಅದಕ್ಕೆ ವಿಭೂತಿ ಹಚ್ಚಿ, ಹೂ ಮುಡಿಸಿ, ತೆಂಗಿನಕಾಯಿ ಒಡೆದರು. ಮಾರಾಟದ ಮಳಿಗೆಯವರು ಹಾಕಿಕೊಟ್ಟಿದ್ದ ನಾಲ್ಕೈದು ಲೀಟರ್ ಡೀಸೆಲ್‌ನಲ್ಲಿ ಅದು ಊರಿಗೆ ಬಂದಿತ್ತು. ಇಂಧನದ ಮುಳ್ಳು ಕೆಳಗಿಳಿದಿದ್ದರೂ ಮೊದಲ ಬಾಡಿಗೆಯ ಸಂಭ್ರಮದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಆಗ ಶ್ರಾವಣ ಮಾಸ. ಮುಂಗಾರಿನ ಆಲೂಗಡ್ಡೆ ಕೀಳುವ ಕಾಲ. ಮೂರು ಮನೆಗಳವರು ತಮ್ಮ ಬೆಳೆಯನ್ನು ಹಾಸನದ ಮಾರುಕಟ್ಟೆಗೆ ಮುಟ್ಟಿಸಲು ಅವನನ್ನು ನಂಬಿದರು. ಇಪ್ಪತ್ತೈದು ಚೀಲಗಳನ್ನು ರಾತ್ರಿಯೇ ಹೇರಿ, ಮೇಲೆ ತಾಡಪಾಲು ಹೊದಿಸಿ, ಹಗ್ಗ ಬಿಗಿದು, ಬೆಳಗಿನ ಐದು ಗಂಟೆಗೆ ಅವನು ಒಬ್ಬನೇ ಹೊರಟನು. ಎಡಕ್ಕೆ ಹಿನ್ನೀರು ತುಂಬಿ ನಿಂತಿತ್ತು. ಹಾಸನದ ಹಾದಿಯಲ್ಲಿ ಸ್ವಲ್ಪ ದೂರ ಸಾಗುವಷ್ಟರಲ್ಲಿ ಇಂಧನ ಕಡಿಮೆಯಾಗಿದೆಯೆಂದು ಸೂಚಿಸುವ ದೀಪ ಹೊತ್ತಿಕೊಂಡಿತು. ಡೀಸೆಲ್ ಪೂರ್ತಿ ಮುಗಿದರೆ ಕೊಳವೆಗಳಿಗೆ ಗಾಳಿ ಸೇರಿ, ಇಂಧನ ಹಾಕಿದ ಮೇಲೂ ಎಂಜಿನ್ ಸುಲಭವಾಗಿ ಹತ್ತುವುದಿಲ್ಲವೆಂದು ಅವನು ಕೇಳಿದ್ದನು. ಹೀಗಾಗಿ ದಾರಿಯಲ್ಲಿ ಸಿಕ್ಕ ಮೊದಲ ಬಂಕಿಗೇ ವಾಹನವನ್ನು ತಿರುಗಿಸಿದನು.

ಏಳು ವರ್ಷ ಅವನು ಓಡಿಸಿದ್ದು ಮೋಟಾರು ಸೈಕಲ್ಲು. ಬಂಕಿಗೆ ಹೋದಾಗಲೆಲ್ಲ ಅವನ ಬಾಯಿಂದ ಬರುತ್ತಿದ್ದ ಮಾತು ಒಂದೇ. ಅಂದೂ ಅದೇ ಬಂತು. ಎಂಜಿನ್ ಆರಿಸಿ, ಟ್ಯಾಂಕಿನ ಮುಚ್ಚಳದ ಬೀಗ ತೆಗೆದು, "ಪೆಟ್ರೋಲ್, ಎರಡು ಸಾವಿರ" ಎಂದನು. ಹೇಳಿದ್ದೇ ತಡ, ಮಾರುಕಟ್ಟೆಯ ದರ ತಿಳಿಯಲು ಮೊಬೈಲಿನತ್ತ ಕಣ್ಣು ಹಾಯಿಸಿದನು. ರಾತ್ರಿಪಾಳಿಯ ಕೊನೆಯಲ್ಲಿದ್ದ ಹುಡುಗ ನಿದ್ದೆಗಣ್ಣಿನವನು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಹೇಳಿದ್ದನ್ನು ಕೇಳಿ, ಒಂದೇ ಯಂತ್ರದಲ್ಲಿ ಅಕ್ಕಪಕ್ಕ ತೂಗುತ್ತಿದ್ದ ಎರಡು ಕೊಳವೆಗಳಲ್ಲಿ ಪೆಟ್ರೋಲಿನದನ್ನು ತೆಗೆದು ಟ್ಯಾಂಕಿನ ಬಾಯಿಗೆ ಇಳಿಸಿದನು. ಪೆಟ್ರೋಲ್ ಕೊಳವೆಯ ಮೂತಿ ಸಾಮಾನ್ಯವಾಗಿ ತೆಳ್ಳಗಿರುತ್ತದೆ. ಡೀಸೆಲ್ ಟ್ಯಾಂಕಿನ ಅಗಲವಾದ ಬಾಯಿ ಅದನ್ನು ತಡೆಯುವುದಿಲ್ಲ. ಟ್ಯಾಂಕಿಗೆ ವಿವೇಚನೆಯಿಲ್ಲ. ವಿವೇಚನೆ ಇರಬೇಕಾದದ್ದು ಅದರ ಪಕ್ಕದಲ್ಲಿ ನಿಂತವರಿಗೆ.

ಡೀಸೆಲ್ ತುಂಬಿಸಿಕೊಳ್ಳಲು ಹಿಂದೆ ನಿಂತಿದ್ದ ಲಾರಿಯ ಹಿರಿಯ ಚಾಲಕರೊಬ್ಬರು ಮೊದಲು ಕೂಗಿದರು: "ಏಯ್ ತಮ್ಮಾ, ಪಿಕಪ್ಪಿಗೆ ಪೆಟ್ರೋಲ್ ಯಾಕೆ ಬಿಡ್ತಿದೀಯ?" ಹುಡುಗ ಬೆಚ್ಚಿ ಕೈ ಸಡಿಲಿಸಿದನು. ಅಷ್ಟರಲ್ಲಿ ಯಂತ್ರದ ಫಲಕ ಒಂಬತ್ತು ಲೀಟರ್ ದಾಟಿತ್ತು. ಟ್ಯಾಂಕಿನಲ್ಲಿ ಉಳಿದಿದ್ದ ಡೀಸೆಲ್‌ಗಿಂತ ಈಗ ಪೆಟ್ರೋಲೇ ಹೆಚ್ಚು.

ಮುಂದಿನದನ್ನು ತಿಳಿಯಬೇಕಾದರೆ ಈ ಎರಡು ಇಂಧನಗಳ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಪೆಟ್ರೋಲ್ ಎಂಜಿನ್ ಕಿಡಿಯಿಂದ ಹೊತ್ತಿಕೊಳ್ಳುವಂಥದು. ಜರ್ಮನಿಯ ರುಡಾಲ್ಫ್ ಡೀಸೆಲ್ ರೂಪಿಸಿ, 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಅದುಮಲಾಗುತ್ತದೆ. ಅದುಮಿದ ಗಾಳಿ ಕಾಯುತ್ತದೆ. ಕಾದ ಗಾಳಿಯೊಳಕ್ಕೆ ಚಿಮ್ಮಿದ ಇಂಧನ ತಾನಾಗಿ ಹೊತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ ಕಡಲೆಕಾಯಿ ಎಣ್ಣೆಯಿಂದಲೇ ಓಡಿತು. ಹಾಸನದ ಬಳಿಯ ಮಡೇನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2007ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆಯ ಬೀಜದ ಎಣ್ಣೆಯಿಂದ ಇಂಧನ ತೆಗೆಯುವ ಕೆಲಸ ನಡೆದದ್ದೂ ಇದೇ ತತ್ತ್ವದ ಮೇಲೆ. ಡೀಸೆಲ್ ಮೂಲತಃ ಎಣ್ಣೆಯ ಗುಣದ್ದು. ಅದು ಎಂಜಿನ್ನಿಗೆ ಶಕ್ತಿ ಕೊಡುವುದರ ಜೊತೆಗೆ, ತಾನು ಹಾದುಹೋಗುವ ಪಂಪಿಗೆ ಜಿಡ್ಡಿನ ರಕ್ಷೆಯನ್ನೂ ಕೊಡುತ್ತದೆ.

ಪೆಟ್ರೋಲ್‌ಗೆ ಆ ಜಿಡ್ಡಿಲ್ಲ. ಅದು ಜಿಡ್ಡನ್ನು ತೊಳೆದುಹಾಕುತ್ತದೆ. ಇಂದಿನ ಡೀಸೆಲ್ ಎಂಜಿನ್ನುಗಳಲ್ಲಿ ಪಂಪು ಇಂಧನವನ್ನು ವಾಯುಮಂಡಲದ ಒತ್ತಡಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು ಒತ್ತುತ್ತದೆ. ಅಂಥ ಒತ್ತಡದಲ್ಲಿ ಜಿಡ್ಡು ತಪ್ಪಿದರೆ ಲೋಹಕ್ಕೆ ಲೋಹ ಉಜ್ಜಿ ಸಣ್ಣ ಚೂರುಗಳು ಏಳುತ್ತವೆ. ಆ ಚೂರುಗಳು ಇಂಧನದೊಡನೆ ಹರಿದು ಇಂಜೆಕ್ಟರುಗಳ ಕೂದಲೆಳೆಯಷ್ಟು ಸಣ್ಣ ರಂಧ್ರಗಳನ್ನು ಸೇರುತ್ತವೆ. ಆಮೇಲೆ ಬದಲಿಸಬೇಕಾದದ್ದು ಒಂದು ಭಾಗವಲ್ಲ, ಇಂಧನದ ಇಡೀ ವ್ಯವಸ್ಥೆ. ಸಾಲದ ಮೊದಲ ಕಂತನ್ನೂ ಕಟ್ಟದ ಮನೆಗೆ ಅದು ಹೊರಲಾಗದ ಹೊರೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಟ್ಯಾಂಕಿಗೆ ಬಿದ್ದ ಪೆಟ್ರೋಲ್ ಟ್ಯಾಂಕಿನಲ್ಲೇ ಇರುವವರೆಗೆ ಯಾವ ಹಾನಿಯನ್ನೂ ಮಾಡುವುದಿಲ್ಲ. ಕೀಲಿ ತಿರುಗಿಸಿದಾಗಲೇ ಅದು ಒಳಗೆ ನಡೆಯತೊಡಗುವುದು. ಕೆಲವು ವಾಹನಗಳಲ್ಲಿ ಎಂಜಿನ್ ಹತ್ತುವ ಮೊದಲೇ, ಕೀಲಿಯ ಮೊದಲ ತಿರುವಿಗೇ ಟ್ಯಾಂಕಿನ ವಿದ್ಯುತ್ ಪಂಪು ಕೆಲಸ ಆರಂಭಿಸುತ್ತದೆ. ತಪ್ಪಿಗೂ ಹಾನಿಗೂ ನಡುವೆ ಒಂದು ಬಿಡುವು ಇತ್ತು. ಆ ಬಿಡುವು ತರುಣನ ಅಂಗೈಯಲ್ಲಿದ್ದ ಕೀಲಿಯಷ್ಟೇ ಚಿಕ್ಕದು.

ಸುತ್ತ ನಿಂತವರಲ್ಲಿ ಒಬ್ಬನು ಸಲಹೆ ಕೊಟ್ಟನು: "ಮೇಲೆ ಟ್ಯಾಂಕ್ ತುಂಬ ಡೀಸೆಲ್ ಹಾಕಿಸ್ಕೊಂಡು ನಿಧಾನಕ್ಕೆ ಹೋಗು, ಏನೂ ಆಗಲ್ಲ." ಕೇಳಲು ಹಿತವಾದ ಮಾತು. ಕತ್ತಲು ಹರಿಯುತ್ತಿತ್ತು. ಮೂರು ಮನೆಗಳ ಬೆಳೆ ಬೆನ್ನ ಮೇಲಿತ್ತು. ಹರಾಜಿನ ಹೊತ್ತು ಮೀರಿದರೆ ಬೆಲೆ ಇಳಿಯುವ ಭಯ. ಎಲ್ಲಕ್ಕಿಂತ ಮಿಗಿಲಾಗಿ, ಮೊದಲ ದಿನವೇ ಎಡವಿದನೆಂಬ ಸುದ್ದಿ ಊರಿಗೆ ಮುಟ್ಟುವ ನಾಚಿಕೆ. ತರುಣನ ಕೈ ಅರಿವಿಲ್ಲದೆ ಬಾಗಿಲ ಹಿಡಿಯತ್ತ ಹೋಯಿತು. ಆಗ ಆ ಹಿರಿಯ ಚಾಲಕರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅದು ಹಳೇ ಗಾಡಿಗಳ ಕಾಲದ ಮಾತು ಕಣಪ್ಪ. ಈ ಗಾಡಿ ತಡೆಯಲ್ಲ. ಕೀ ಜೇಬಲ್ಲಿ ಇಟ್ಕೋ. ತಳ್ಳಿ ಪಕ್ಕಕ್ಕೆ ನಿಲ್ಲಿಸೋಣ ಬಾ."

ಅಷ್ಟರಲ್ಲಿ ಬಂಕಿನ ವ್ಯವಸ್ಥಾಪಕರು ಬಂದರು. ಹುಡುಗನತ್ತ ನೋಡಿ, "ಯಾರು ಮಾಡಿದ್ದು ಇದು? ಇದರ ದುಡ್ಡು ನಿನ್ನ ಸಂಬಳದಲ್ಲೇ ಹೋಗತ್ತೆ" ಎಂದು ಗದರಿದರು. ಹುಡುಗ ತಲೆ ತಗ್ಗಿಸಿದನು. ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಎಂಬ ಸಂದೇಹ ಅವನಿಗೇ ಬಂದಂತಿತ್ತು. ತರುಣನು "ಪೆಟ್ರೋಲ್" ಎಂದದ್ದನ್ನು ಆ ಹುಡುಗನ ಹೊರತು ಯಾರೂ ಕೇಳಿರಲಿಲ್ಲ. ಒಂದು ಕ್ಷಣ ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಮೌನವೇ ಆ ಕೆಲಸವನ್ನು ಮಾಡುತ್ತಿತ್ತು. ಒಂಬತ್ತು ಲೀಟರಿನ ಬೆಲೆ, ಮೆಕ್ಯಾನಿಕನ ಕೂಲಿ ಎಲ್ಲವೂ ಇನ್ನೊಬ್ಬ ಬಡವನ ತಲೆಯ ಮೇಲೆ ಹೋಗುತ್ತಿತ್ತು. ಸಾಲದಲ್ಲಿ ಮುಳುಗಿದವನಿಗೆ ಅದು ಸಣ್ಣ ಆಸೆಯಲ್ಲ.

ತರುಣನು ಬಾಯಿ ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಕೊನೆಗೆ ಹೇಳಿದನು: "ಅವನದು ತಪ್ಪಿಲ್ಲ ಸಾರ್. ಪೆಟ್ರೋಲ್ ಅಂತ ನಾನೇ ಹೇಳಿದ್ದು. ಬೈಕ್ ಓಡಿಸಿದ ಅಭ್ಯಾಸ." ಹುಡುಗ ತಲೆಯೆತ್ತಿ ನೋಡಿದನು. ವ್ಯವಸ್ಥಾಪಕರ ದನಿ ತಗ್ಗಿತು. ಮೆಕ್ಯಾನಿಕನ ಫೋನ್ ಸಂಖ್ಯೆಯನ್ನು ಅವರೇ ಹುಡುಕಿ ಕೊಟ್ಟರು.

ಆಮೇಲೆ ಅವನು ಊರಿಗೆ ಫೋನ್ ಮಾಡಿದನು. ನಡೆದದ್ದನ್ನೆಲ್ಲ ಕೇಳಿದ ತಂದೆ ಗದರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ಸ್ಟಾರ್ಟ್ ಮಾಡಿದ್ಯಾ?"

"ಇಲ್ಲಪ್ಪ."

"ಹಂಗಾದ್ರೆ ಸರಿ. ಪಕ್ಕದೂರಿನ ಗಾಡಿ ತಗೊಂಡು ಬರ್ತೀನಿ. ಚೀಲ ಇಳಿಸ್ಕೊಂಡು ಕೂತಿರು."

ಚೀಲಗಳು ಬೇರೆ ವಾಹನವನ್ನೇರಿ ಹಾಸನಕ್ಕೆ ಹೋದವು. ಹರಾಜಿಗೆ ತಡವಾದದ್ದು ನಿಜ, ತಪ್ಪಿಹೋಗಲಿಲ್ಲ. ಆ ವಾಹನದ ಬಾಡಿಗೆಯನ್ನು ತರುಣನೇ ಕೊಟ್ಟನು. ಮೂರು ಮನೆಗಳವರಿಂದ ತನ್ನ ಬಾಡಿಗೆಯನ್ನು ತೆಗೆದುಕೊಳ್ಳಲಿಲ್ಲ. ಮೆಕ್ಯಾನಿಕನು ಬಂದು ಸುತ್ತಮುತ್ತ ಬೀಡಿ, ಬೆಂಕಿ ಇಲ್ಲದಂತೆ ನೋಡಿಕೊಂಡನು. ಪೆಟ್ರೋಲ್ ಬೆರೆತ ಡೀಸೆಲ್‌ನಿಂದ ಏಳುವ ಆವಿ ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನ ತಳದ ತಿರುಪನ್ನು ಬಿಚ್ಚಿ ಇಡೀ ಮಿಶ್ರಣವನ್ನು ಮುಚ್ಚಳವಿರುವ ಡಬ್ಬಗಳಿಗೆ ಇಳಿಸಿದನು. ಅದನ್ನು ಚರಂಡಿಗೆ ಚೆಲ್ಲಿದರೆ ಕೊನೆಗೆ ಸೇರುವುದು ಹೊಳೆಯನ್ನೇ. ಎಚ್ಚರಿಕೆಗಾಗಿ ಇಂಧನದ ಸೋಸುಕವನ್ನೂ ಬದಲಿಸಿದನು. ಎಂಜಿನ್ ಹತ್ತಿಸದೆ ಇದ್ದುದರಿಂದ ಪೆಟ್ರೋಲ್ ಟ್ಯಾಂಕನ್ನು ದಾಟಿರಲಿಲ್ಲ. ನಷ್ಟ ಆಯಿತು, ಎರಡು ಮೂರು ದಿನಗಳ ಗಳಿಕೆಯಷ್ಟು. ವಾಹನ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಇಂಧನ ತುಂಬಿಸಬೇಕಾಯಿತು. ಅದನ್ನೇ ಅವನು ತನ್ನ ಮೊದಲ ಇಂಧನವೆಂದು ಇಂದಿಗೂ ಹೇಳುತ್ತಾನೆ. ಈ ಬಾರಿ ಮುಚ್ಚಳದ ಒಳಬದಿಯಲ್ಲಿ ಬರೆದಿದ್ದುದನ್ನು ಓದಿದನು. "ಡೀಸೆಲ್" ಎಂದು ಸ್ಪಷ್ಟವಾಗಿ ಹೇಳಿದನು. ಪಾಳಿ ಮುಗಿದರೂ ಮನೆಗೆ ಹೋಗದೆ ನಿಂತಿದ್ದ ಅದೇ ಹುಡುಗ "ಡೀಸೆಲ್ ಅಲ್ವಾ ಅಣ್ಣ?" ಎಂದು ತಿರುಗಿ ಕೇಳಿದನು. "ಹೌದು, ಡೀಸೆಲ್" ಎಂದು ಇವನು ಮತ್ತೆ ಹೇಳಿದನು. ಹುಡುಗ ಫಲಕದಲ್ಲಿ ಸೊನ್ನೆಯನ್ನು ತೋರಿಸಿದನು. ಇವನು ದರವನ್ನೂ ಸಾಂದ್ರತೆಯ ಅಂಕಿಯನ್ನೂ ನೋಡಿದನು. ಕೊಳವೆ ತಾನಾಗಿ ನಿಂತಾಗ, ಕತ್ತಿನವರೆಗೆ ತುಂಬಿಸಲು ಒತ್ತಾಯಿಸಲಿಲ್ಲ. ಕೊಳವೆಯ ತುದಿಯಲ್ಲಿ ಗಾಳಿಯೆಳೆಯುವ ಚಿಕ್ಕ ರಂಧ್ರವೊಂದಿದೆ. ಏರಿಬಂದ ಇಂಧನ ಅದನ್ನು ಮುಚ್ಚಿದೊಡನೆ ಒಳಗಿನ ಕವಾಟ ಬಿದ್ದು ಹರಿವು ನಿಲ್ಲುತ್ತದೆ. ಸಾಕು ಎಂದು ಯಂತ್ರವೇ ಹೇಳುವಾಗ ಕೇಳುವುದು ಒಳಿತು.

ಹೊಸದಾಗಿ ಡೀಸೆಲ್ ವಾಹನ ಹಿಡಿದವರಿಗೆ ಅವನು ಈಗ ಹೇಳುವ ಮಾತುಗಳು ಇನ್ನೂ ಕೆಲವಿವೆ. ಟ್ಯಾಂಕು ಕಾಲುಭಾಗಕ್ಕೆ ಇಳಿಯುವ ಮುನ್ನ ತುಂಬಿಸಬೇಕು. ಮಳೆಗಾಲದಲ್ಲಿ ಖಾಲಿ ಟ್ಯಾಂಕಿನ ಗೋಡೆಯ ಮೇಲೆ ತೇವ ಹನಿಗಟ್ಟಿ ನೀರು ಸೇರುತ್ತದೆ. ಸೋಸುಕದ ತಳದಲ್ಲಿ ನಿಂತ ನೀರನ್ನು ಆಗಾಗ ತೆಗೆಸಬೇಕು. ಬಿ.ಎಸ್. ಆರರ ಕೆಲವು ವಾಹನಗಳಲ್ಲಿ ನೀಲಿ ಮುಚ್ಚಳದ ಇನ್ನೊಂದು ಬಾಯಿ ಇರುತ್ತದೆ. ಅದು ಹೊಗೆಯನ್ನು ಶುದ್ಧಿ ಮಾಡುವ, ಶೇಕಡಾ 32.5ರಷ್ಟು ಯೂರಿಯಾ ಇರುವ ದ್ರಾವಣಕ್ಕೆ ಮೀಸಲು. ಅದಕ್ಕೆ ಡೀಸೆಲ್ ಹಾಕುವುದೂ ಡೀಸೆಲ್ ಟ್ಯಾಂಕಿಗೆ ಆ ದ್ರಾವಣ ಹಾಕುವುದೂ ಸಮಾನ ಅನರ್ಥ. ಅಳತೆಯಲ್ಲಿ ಸಂದೇಹವಿದ್ದರೆ ಬಂಕಿನಲ್ಲಿ ಇರಿಸಿರುವ ಐದು ಲೀಟರಿನ ಮುದ್ರೆಯೊತ್ತಿದ ಮಾಪನದಿಂದ ಅಳೆದು ತೋರಿಸೆಂದು ಕೇಳಲು ಗ್ರಾಹಕನಿಗೆ ಹಕ್ಕಿದೆ. ಎಲ್ಲಕ್ಕಿಂತ ಮೊದಲು, ಕೊಳವೆ ಟ್ಯಾಂಕಿನೊಳಗೆ ಇರುವಷ್ಟು ಹೊತ್ತು ಮೊಬೈಲು ಜೇಬಿನಲ್ಲಿರಬೇಕು, ಕಣ್ಣು ಕೊಳವೆಯ ಮೇಲಿರಬೇಕು.

ಹಾಸನದ ಸೀಮೆಗೆ ಈ ಇಂಧನ ಬರುವ ಬಗೆಯೂ ಮನನಯೋಗ್ಯ. ಮಂಗಳೂರಿನಿಂದ ಪಶ್ಚಿಮ ಘಟ್ಟವನ್ನು ಹತ್ತಿ, ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಯವರೆಗೆ ಸುಮಾರು 362 ಕಿಲೋಮೀಟರ್ ಉದ್ದದ ಕೊಳವೆಮಾರ್ಗ 2003ರಲ್ಲಿ ಆರಂಭವಾಯಿತು. ನೆಲದಡಿಯ ಆ ಒಂದೇ ಕೊಳವೆಯಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಎರಡೂ ಒಂದರ ಹಿಂದೆ ಒಂದು ಹರಿದು ಬರುತ್ತವೆ. ಅವು ಸಂಧಿಸುವಲ್ಲಿ ಸ್ವಲ್ಪ ಬೆರಕೆ ಆಗಿಯೇ ಆಗುತ್ತದೆ. ಅಲ್ಲಿ ದುಡಿಯುವವರು ಬೆರಕೆ ಆಗಲಿಲ್ಲವೆಂದು ನಟಿಸುವುದಿಲ್ಲ. ಸಾಂದ್ರತೆಯನ್ನು ಅಳೆಯುತ್ತಾ ಕಾದಿದ್ದು, ಬೆರೆತ ಭಾಗ ಬಂದಾಗ ಅದನ್ನು ಬೇರೆಯಾಗಿ ತೆಗೆಯುತ್ತಾರೆ. ಹೀಗಾಗಿಯೇ ಬಂಕಿಗೆ ಬರುವ ಡೀಸೆಲ್ ಡೀಸೆಲ್ಲಾಗಿಯೂ ಪೆಟ್ರೋಲ್ ಪೆಟ್ರೋಲಾಗಿಯೂ ಉಳಿದಿರುತ್ತದೆ.

ಮನುಷ್ಯನ ಬದುಕಿನಲ್ಲಿಯೂ ಬೆರಕೆ ತಪ್ಪಿದ್ದಲ್ಲ. ಅಭ್ಯಾಸಬಲದಿಂದ ನಾಲಗೆ ಜಾರುತ್ತದೆ, ಗಮನ ಬೇರೆಡೆ ಹೋಗುತ್ತದೆ, ಬೀಳಬಾರದ್ದು ಒಳಗೆ ಬೀಳುತ್ತದೆ. ಇಷ್ಟರಿಂದಲೇ ಯಾರೂ ಕೆಡುವುದಿಲ್ಲ. ತಪ್ಪನ್ನು ಮುಚ್ಚಿಟ್ಟು, ಮೇಲೊಂದಿಷ್ಟು ಒಳ್ಳೆಯದನ್ನು ಸುರಿದು, ಏನೂ ಆಗಲಿಲ್ಲವೆಂಬಂತೆ ಕೀಲಿ ತಿರುಗಿಸಿದಾಗ ಕೇಡು ಒಳಗೆ ಹರಿಯತೊಡಗುತ್ತದೆ. ತಪ್ಪಿಗೂ ಕೇಡಿಗೂ ನಡುವೆ ದೊರೆಯುವ ಆ ಚಿಕ್ಕ ಬಿಡುವಿನಲ್ಲಿ ನಿಂತು, "ಇದು ನನ್ನದು" ಎಂದು ಹೇಳಬಲ್ಲವನ ನುಡಿಯೂ ನಡೆಯೂ ಮತ್ತೆ ಒಂದಾಗುತ್ತವೆ. ಶರಣರು ಅರಿವೆಂದು ಕರೆದದ್ದು ಇಂಥ ಎಚ್ಚರವನ್ನೇ.

ಆ ಪಿಕಪ್ ಇಂದಿಗೂ ಶೆಟ್ಟಿಹಳ್ಳಿಯಿಂದ ಹಾಸನಕ್ಕೆ ಓಡಾಡುತ್ತಿದೆ. ತರುಣನು ಇಂಧನಕ್ಕೆ ಅದೇ ಬಂಕಿಗೆ ಹೋಗುತ್ತಾನೆ. ಹುಡುಗನಿಗೆ ಅವನ ಗುರುತು ಚೆನ್ನಾಗಿದೆ, ವಾಹನದ ಗುರುತೂ ಇದೆ. ಆದರೂ ಪ್ರತಿ ಬಾರಿ "ಡೀಸೆಲ್ ಅಲ್ವಾ ಅಣ್ಣ?" ಎಂದು ಕೇಳಿಯೇ ಕೊಳವೆಗೆ ಕೈ ಹಾಕುತ್ತಾನೆ. ಇವನೂ ಪ್ರತಿ ಬಾರಿ ಉತ್ತರಿಸುತ್ತಾನೆ.